ಗುಡ್ಡದ ನೀರು ನಕ್ಷೆಗೆ ಬಂದ ಬೇಸಿಗೆ

ಹಲಸಿನಕಾಯಿ ಹಪ್ಪಳ ಒತ್ತುತ್ತಿದ್ದೆ. ಬೇಯಿಸಿ ಗುದ್ದಿದ ಸೊಳೆಯ ಉಂಡೆಗಳು ಪಾತ್ರೆಯಲ್ಲಿ ಆರುತ್ತಿದ್ದವು. ಬಿಸಿಲು ಏರುವ ಮೊದಲು ಚಾಪೆ ತುಂಬಿಸಬೇಕೆಂಬ ಅವಸರ, ಕೈಯೆಲ್ಲ ಎಣ್ಣೆ. ಆಗ ಪಂಚಾಯತಿನ ನಕ್ಷೆ ಮಾಡುತ್ತಿದ್ದ ರೇಷ್ಮಾಳ ಫೋನು ಬಂತು. ಬೆರಳಿನ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

“ಅಕ್ಕಾ, ನಾನು ಕಳಿಸಿದ ಎರಡನೇ ಮ್ಯಾಪು ತೆರೆದು ನೋಡಿದ್ರಾ?”

“ಇಲ್ಲ ಮಾರಾಯ್ತಿ, ಹಪ್ಪಳದ ಗಡಿಬಿಡಿ. ಚುಕ್ಕೆಯದ್ದು ನೋಡಿದೆ, ಚಂದ ಉಂಟು.”

“ಎರಡನೇದೂ ನೋಡಿ. ನಿಮ್ಮ ಮನೆ ಹತ್ರ ದೊಡ್ಡ ಮಾಡಿ ನೋಡಿ. ನಾಳೆ ಮೀಟಿಂಗಿಗೆ ಮೊದಲೇ ನೀವು ನೋಡಿದ್ರೆ ಒಳ್ಳೇದು ಅಂತ ಅನ್ನಿಸಿತು.”

ಅಷ್ಟೇ ಹೇಳಿ ಇಟ್ಟಳು.

ಈಗಲೂ ಬೇಯುವ ಹಲಸಿನ ಸೊಳೆಯ ವಾಸನೆ ಬಂದರೆ ನನಗೆ ಹೋದ ವರ್ಷದ ಆ ಬೇಸಿಗೆ ನೆನಪಾಗುತ್ತದೆ. ಒಬ್ಬಳೇ ಇದ್ದರೂ ಮುಖ ಬಿಸಿಯಾಗುತ್ತದೆ. ಕದ್ದು ಸಿಕ್ಕಿಬಿದ್ದವಳ ನಾಚಿಕೆ ಅಲ್ಲ ಅದು. ನನ್ನದೆಂದುಕೊಂಡು ಉಟ್ಟ ಸೀರೆ ಇನ್ನೊಬ್ಬಳದೆಂದು ಮದುವೆಮನೆಯ ನಡುವೆ ಗೊತ್ತಾದರೆ ಹೇಗಾಗಬಹುದೋ, ಹಾಗೆ.

ನಮ್ಮ ಮನೆ ಅಗಲ್ಪಾಡಿಯಿಂದ ಒಳಗೆ, ಕೆಂಪು ಮುರಕಲ್ಲಿನ ಗುಡ್ಡದ ಬುಡದಲ್ಲಿ. ಇಲ್ಲಿ ಕೆಳಕ್ಕೆ ತೋಡಿದರೆ ಕಲ್ಲು ಸಿಗುವುದೇ ಹೆಚ್ಚು, ನೀರು ಕಡಿಮೆ. ಹಾಗಾಗಿ ಹಿಂದಿನವರು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ತೋಡಿದರು, ಒಬ್ಬ ಬಗ್ಗಿ ಹೋಗುವಷ್ಟು ಎತ್ತರದ ಸುರಂಗ. ಒಳಗೆ ಕಲ್ಲಿನಿಂದ ಜಿನುಗಿದ ನೀರು ಸಣ್ಣ ಕಾಲುವೆಯಾಗಿ ತಾನೇ ಹೊರಗೆ ಹರಿದು ಬರುತ್ತದೆ. ಎತ್ತುವ ಕಷ್ಟವಿಲ್ಲ, ಪಂಪು ಬೇಡ. ನಮ್ಮ ಸುರಂಗದ ನೀರು ಮೇ ತಿಂಗಳ ಕೊನೆಗೂ ನಿಂತದ್ದಿಲ್ಲ.

ಸಂಜೆ ದೀಪ ಹಚ್ಚಿ ಕೂತಾಗ ಆ ದಿನ ದೇವರು ಕೊಟ್ಟದ್ದನ್ನು ಮನಸ್ಸಿನಲ್ಲೇ ಎಣಿಸುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಬಸ್ಸು ತಪ್ಪಲಿಲ್ಲ, ಯಜಮಾನರ ಸೊಂಟ ನೋವು ಹೆಚ್ಚಾಗಲಿಲ್ಲ, ಹೀಗೆ. ಆ ಎಣಿಕೆ ಶುರುವಾಗುತ್ತಿದ್ದದ್ದು ಯಾವಾಗಲೂ ನೀರಿನಿಂದ.

ನಮ್ಮ ಮೇಲಿನ ಜಾಗ ಕಮಲಕ್ಕನದು. ಬೀಡಿ ಕಟ್ಟುವವರು. ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ. ಅವರ ಬಾವಿ ಶಿವರಾತ್ರಿ ಕಳೆಯುವುದರೊಳಗೆ ತಳ ಕಾಣುತ್ತದೆ. ಪೈಪಿನ ನೀರು ಗುಡ್ಡ ಹತ್ತುವುದು ಅದಕ್ಕೆ ಮನಸ್ಸು ಬಂದ ದಿನ ಮಾತ್ರ. ಹಾಗಾಗಿ ಬೇಸಿಗೆಯಿಡೀ ಸಂಜೆ ಹೊತ್ತಿಗೆ ಕಮಲಕ್ಕ ಕೊಡಪಾನ ಹಿಡಿದು ಇಳಿದು ಬರುತ್ತಿದ್ದರು. ಅಂಗಳದ ತುದಿಯ ಟಾಂಕಿಯ ಹತ್ತಿರ ಪಾತ್ರೆ ಇಟ್ಟು ನಿಲ್ಲುತ್ತಿದ್ದರು, ನಾನು ಪೈಪು ಹಿಡಿದು ತುಂಬಿಸುತ್ತಿದ್ದೆ. ಸುರಂಗದ ಬಾಯಿಯ ತನಕ ಅವರ ಮನೆಯವರು ಬರುವ ಕ್ರಮ ಇರಲಿಲ್ಲ. ಅದು ದೇವರ ಅಭಿಷೇಕಕ್ಕೆ ಹೋಗುವ ನೀರು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಅತ್ತೆ ತೀರಿಹೋದ ಮೇಲೆ ಯಾರೂ ಏನೂ ಹೇಳಬೇಕಾಗಲಿಲ್ಲ, ಕ್ರಮ ಹಾಗೆಯೇ ನಡೆದುಕೊಂಡು ಬಂತು.

“ನಿಮ್ಮ ಪುಣ್ಯ ಅಕ್ಕ” ಎಂದು ಕಮಲಕ್ಕ ಕೊಡಪಾನ ಸೊಂಟಕ್ಕೇರಿಸುತ್ತಿದ್ದರು.

“ಎಂತದ್ದು ಪುಣ್ಯ, ದೇವರು ಕೊಡುದು” ಎನ್ನುತ್ತಿದ್ದೆ ನಾನು. ಆದರೆ ದೀಪದ ಮುಂದೆ ಕೂತಾಗ ಅದನ್ನೂ ಎಣಿಕೆಗೆ ಸೇರಿಸಿಕೊಳ್ಳುತ್ತಿದ್ದೆ. ಇವತ್ತೂ ಒಬ್ಬರಿಗೆ ನೀರು ಕೊಡುವ ಭಾಗ್ಯ ಕೊಟ್ಟೆಯಲ್ಲ ದೇವರೇ ಎಂದು.

ಆ ಬೇಸಿಗೆಯಲ್ಲಿ ಪಂಚಾಯತಿನವರು ನಮ್ಮ ವಾರ್ಡಿನ ಬಾವಿ, ಸುರಂಗ, ಹಳ್ಳ-ತೋಡುಗಳನ್ನೆಲ್ಲ ಗುರುತಿಸಿ ನಕ್ಷೆ ಮಾಡುವ ಕೆಲಸಕ್ಕೆ ಕೈಹಾಕಿದರು. ಇನ್ನು ಮುಂದೆ ಯಾರು ಎಲ್ಲಿ ಬೋರ್ ಹೊಡೆಸಬಹುದು, ಎಲ್ಲಿ ಬೇಡ ಎಂದು ಗ್ರಾಮಸಭೆಯಲ್ಲಿ ಅದನ್ನು ನೋಡಿಯೇ ಮಾತಾಡುವುದೆಂದು ತೀರ್ಮಾನ. ತಾತ್ಕಾಲಿಕ ಕೆಲಸಕ್ಕೆ ಬಂದವಳು ರೇಷ್ಮಾ. ಗಂಡನ ಜೊತೆ ಗಲ್ಫಿನಲ್ಲಿದ್ದಾಗ ನಕ್ಷೆ ಮಾಡುವ ಕಂಪೆನಿಯಲ್ಲಿ ದುಡಿದಿದ್ದಳು, ಮಗಳನ್ನು ಶಾಲೆಗೆ ಸೇರಿಸಲು ಊರಿಗೆ ಬಂದಿದ್ದಳು. ಮನೆಮಾತು ಮಲಯಾಳ, ಆದರೂ ನಮ್ಮೊಡನೆ ಕನ್ನಡದಲ್ಲೇ ಮಾತಾಡುವಳು. ಅವಳ ಜೊತೆ ಮನೆಮನೆಗೆ ಹೋಗಲು ನಮ್ಮ ಉಳಿತಾಯದ ಗುಂಪಿನ, ಅಂದರೆ ನೆರೆಕೂಟದ, ಹೆಂಗಸರು ನನ್ನನ್ನೂ ಕಮಲಕ್ಕನನ್ನೂ ಆರಿಸಿದರು. ಕೊಡೆ ಹಿಡಿದು, ಮಜ್ಜಿಗೆಯ ಬಾಟಲಿ ಹಿಡಿದು ನಾವು ಮೂವರು ಗುಡ್ಡ ಸುತ್ತಿದೆವು. ನಾಯಿ ಇರುವ ಮನೆಗೆ ಕಮಲಕ್ಕ ಮೊದಲು, ಬಾಯಿ ಜೋರಿರುವ ಮನೆಗೆ ನಾನು ಮೊದಲು ಎಂದು ಒಪ್ಪಂದವಾಗಿತ್ತು.

ನಮ್ಮ ಸುರಂಗ ಅಳೆಯುವ ದಿನ ಯಜಮಾನರೇ ಲುಂಗಿ ಎತ್ತಿಕಟ್ಟಿ ಟಾರ್ಚು ಹಿಡಿದರು. ಒಳಗೆ ಫೋನಿಗೆ ಉಪಗ್ರಹದ ಸಿಗ್ನಲು ಸಿಗುವುದಿಲ್ಲ. ಬಾಯಿಯ ಜಾಗವನ್ನು ಹೊರಗಿನಿಂದ ಗುರುತು ಹಾಕಿ, ಅಲ್ಲಿಂದ ಒಳಗೆ ಟೇಪು ಎಳೆದು, ದಿಕ್ಸೂಚಿಯ ಮುಳ್ಳು ನೋಡಿ ಬರೆದುಕೊಳ್ಳಬೇಕು. ರೇಷ್ಮಾ ಯಜಮಾನರ ಹಿಂದೆ ಬಗ್ಗಿ ಹೋದಳು. ಇಬ್ಬರ ಮಾತು ಹೊರಗೆ ಕೇಳುತ್ತಿತ್ತು.

“ಸಾಕು ಸರ್, ಇಲ್ಲಿಗೆ ನಿಲ್ಸುವಾ? ಉಸಿರು ಕಟ್ತದೆ.”

“ಎಂತದ್ದು ಸಾಕು? ಇನ್ನೂ ಉಂಟು, ಕೊನೆ ತನಕ ಎಳಿ. ಇಷ್ಟು ಉದ್ದದ್ದು ಈ ಊರಲ್ಲಿ ಯಾರ ಮನೆಯಲ್ಲಿ ಉಂಟು ಹೇಳು ನೋಡುವ.”

ಹೊರಗೆ ಬಂದಾಗ ಯಜಮಾನರ ಮೈಯಿಡೀ ಕೆಸರು, ಮುಖದಲ್ಲಿ ಮಗಳ ಮದುವೆ ಮುಗಿಸಿದಂಥ ಕಳೆ. ಕಮಲಕ್ಕ ಅಷ್ಟು ಹೊತ್ತೂ ಟಾಂಕಿಯ ಹತ್ತಿರವೇ ನಿಂತಿದ್ದರು. ನಾನು ಕರೆಯಲಿಲ್ಲ, ಅವರು ಬರಲಿಲ್ಲ.

ನೀರಿನ ಜೊತೆಗೆ ಬನ, ಕಟ್ಟೆ, ಪೂಜೆಯ ಕಲ್ಲುಗಳನ್ನೂ ಗುರುತಿಸಬೇಕಿತ್ತು, ಅಲ್ಲಿ ಯಾರೂ ಅಗೆಯಬಾರದೆಂದು. ಕಮಲಕ್ಕ ತಮ್ಮ ಗೇರುಮರಗಳ ನಡುವೆ ಇದ್ದ ಒಂದು ಚಪ್ಪಡಿ ಕಲ್ಲಿನ ಹತ್ತಿರ ನಮ್ಮನ್ನು ಕರೆದುಕೊಂಡು ಹೋದರು. ಅವರ ಅತ್ತೆಯ ಕಾಲದಿಂದ ಸಂಕ್ರಮಣಕ್ಕೆ ಅಲ್ಲಿ ದೀಪ ಇಡುವ ಕ್ರಮ. ಸುತ್ತಲಿನ ಗಿಡದ ಒಂದು ಗೆಲ್ಲನ್ನೂ ಅವರು ಮುರಿಯುವುದಿಲ್ಲ.

“ಕಲ್ಲಿನ ಬದಿಗೆ ಕೈ ಇಟ್ಟು ನೋಡು ಮಾರಾಯ್ತಿ” ಎಂದರು ರೇಷ್ಮಾಳಿಗೆ. “ಈ ಮಧ್ಯಾಹ್ನದ ಬಿಸಿಲಿಗೂ ಅಡಿಯಿಂದ ತಣ್ಣನೆ ಗಾಳಿ ಬರ್ತದಾ ಇಲ್ವಾ? ದೈವ ಇಲ್ಲದೆ ಎಲ್ಲಿಂದ ಬರ್ಬೇಕು?”

ನಾನೂ ಕೈ ಇಟ್ಟೆ. ತಣ್ಣಗಿತ್ತು. ಕೈ ಮುಗಿದೆ.

ತಿರುಗಾಟ ಮುಗಿದ ಮೇಲೆ ಹೊಸ ತಲೆನೋವು. ಸೇರಿಸಿದ್ದೆಲ್ಲ ಡೇಟಾಬೇಸಿನಲ್ಲಿ ಭದ್ರವಾಗಿ ಉಂಟು, ಆದರೆ ಜನ ಅದನ್ನು ನಕ್ಷೆಯಾಗಿ ನೋಡುವುದು ಯಾವುದರಲ್ಲಿ ಎಂದು ರೇಷ್ಮಾ ಕೇಳಿದಳು. ನಾವು ಮುಖ ಮುಖ ನೋಡಿದೆವು.

“ಉಗ್ರಾಣದಲ್ಲಿ ಅಕ್ಕಿ, ಬೇಳೆ, ಬೆಲ್ಲ ಎಲ್ಲ ತುಂಬಿಸಿ ಆಯ್ತು ಅಕ್ಕ. ಇನ್ನು ಬಡಿಸ್ಲಿಕ್ಕೆ ಪಾತ್ರೆ ಬೇಕಲ್ಲ, ಅದು ಆರಿಸ್ಬೇಕು.”

ಅವಳು ಕೆಲಸ ಮಾಡುತ್ತಿದ್ದ ದೊಡ್ಡ ತಂತ್ರಾಂಶ ಆಫೀಸಿನ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಎಲ್ಲವೂ ಕಾಣುತ್ತದೆ, ಆದರೆ ತೆರೆಯಲು ಗೊತ್ತಿದ್ದವಳು ಅವಳೊಬ್ಬಳೇ. ಅವಳ ಕೆಲಸ ಮುಗಿದರೆ ಅದೂ ಮುಗಿದಂತೆ. ಹಾಗಾಗಿ ಫೋನಿನಲ್ಲೇ ತೆರೆಯುವ ಎರಡನ್ನು ಹುಡುಕಿ ತಂದಳು. ಮೊದಲನೆಯದರಲ್ಲಿ ಬರೀ ಚುಕ್ಕೆ. ಬಾವಿಗೆ ನೀಲಿ, ಸುರಂಗದ ಬಾಯಿಗೆ ಕೆಂಪು. ಮುಟ್ಟಿದರೆ ಮನೆಯ ಹೆಸರು, ನೀರು ಯಾವ ತಿಂಗಳ ತನಕ ಎಂಬ ವಿವರ. ಗುಡ್ಡದ ಮರೆಯ ನೆಟ್‌ವರ್ಕಿನಲ್ಲೂ ತಟ್ಟನೆ ತೆರೆಯುತ್ತಿತ್ತು, ಕನ್ನಡ ಚೆನ್ನಾಗಿ ಕಾಣುತ್ತಿತ್ತು. ಒಂದೇ ತೊಂದರೆ, ಆಗಾಗ ಡೇಟಾಬೇಸಿನಿಂದ ಫೈಲು ತೆಗೆದು ಅದಕ್ಕೆ ಹಾಕುತ್ತಿರಬೇಕು. ಮರೆತರೆ ಹೋದ ವರ್ಷದ ನೀರೇ ಈ ವರ್ಷವೂ ಕಾಣುತ್ತದೆ.

ಎರಡನೆಯದು ಡೇಟಾಬೇಸನ್ನು ನೇರ ಓದುವಂಥದ್ದು. ಇವತ್ತು ತಿದ್ದಿದರೆ ಇವತ್ತೇ ಕಾಣುತ್ತದೆ. ಸುರಂಗ ಒಳಗೆ ಹೋದ ಗೆರೆ, ಜಾಗಗಳ ಗಡಿ, ಬನ, ಕಟ್ಟೆ ಎಲ್ಲ ಒಂದರ ಮೇಲೊಂದು ಪದರವಾಗಿ ಬರುತ್ತದೆ. ಆದರೆ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತದೆ. ಒತ್ತಕ್ಷರಗಳೆಲ್ಲ ಒಡೆದು ಚೆಲ್ಲಾಪಿಲ್ಲಿ.

“ಒಂದು ವಾರ ನಿಮ್ಮ ನಿಮ್ಮ ಫೋನಲ್ಲಿ ನೋಡಿ, ಊರವರಿಗೆ ಯಾವುದು ಆಗ್ತದೆ ಹೇಳಿ” ಎಂದಳು ರೇಷ್ಮಾ. “ನೀವು ಇಬ್ಬರು ಹೇಳಿದ್ದನ್ನೇ ವಾರ್ಡ್ ಮೆಂಬರು ಒಪ್ತಾರಂತೆ.”

ಆ ವಾರದ ಕೊನೆಯ ದಿನವೇ ಹಪ್ಪಳದ ನಡುವೆ ಅವಳ ಫೋನು ಬಂದದ್ದು.

ಕೈ ತೊಳೆದು ಬಂದು ಎರಡನೆಯದನ್ನು ತೆರೆದೆ. ಮೊದಲು ಗುಡ್ಡ ಬಂತು, ಆಮೇಲೆ ಜಾಗಗಳ ಗಡಿ, ಕೊನೆಗೆ ಸುರಂಗಗಳ ನೀಲಿ ಗೆರೆ. ನಮ್ಮ ಗೆರೆ ಮನೆಯ ಹಿಂದಿನಿಂದ ಹೊರಟು, ನಮ್ಮ ಗಡಿ ದಾಟಿ, ಕಮಲಕ್ಕನ ಜಾಗದ ಅಡಿಯಲ್ಲಿ ಬಹುದೂರ ಹೋಗಿ, ಅವರ ಗೇರುಮರಗಳ ನಡುವೆ ಮುಗಿದಿತ್ತು. ಮುಗಿದಲ್ಲಿ ಒಂದು ದೀಪದ ಗುರುತು. ಮುಟ್ಟಿದೆ. ಕಮಲಕ್ಕನ ಮನೆಯ ದೈವದ ಕಲ್ಲು ಎಂದು ಬಂತು.

ಸುರಂಗ ಉದ್ದವಾದರೆ ಒಳಗಿನವರಿಗೆ ಉಸಿರು ಸಿಗಲೆಂದು ಮೇಲಿನಿಂದ ಗಾಳಿಗುಂಡಿ ಇಳಿಸುತ್ತಾರೆ, ಕೆಲಸ ಮುಗಿದ ಮೇಲೆ ಅದಕ್ಕೆ ಚಪ್ಪಡಿ ಮುಚ್ಚುತ್ತಾರೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಗೊತ್ತಿದ್ದೂ ಆ ತಣ್ಣನೆ ಗಾಳಿಗೆ ನಾನು ಕೈ ಮುಗಿದಿದ್ದೆ. ಕಮಲಕ್ಕನೂ ಅವರ ಅತ್ತೆಯೂ ವರ್ಷವರ್ಷ ದೀಪ ಇಟ್ಟದ್ದು ನಮ್ಮ ಸುರಂಗದ ಗಾಳಿಗುಂಡಿಗೆ. ದೈವದ ಜಾಗವೆಂದು ಅವರು ಅಲ್ಲಿ ಒಂದು ಮರ ಕಡಿಯಲಿಲ್ಲ, ಒಂದು ಗುದ್ದಲಿ ಪೆಟ್ಟು ಹಾಕಲಿಲ್ಲ. ನಮ್ಮ ನೀರು ಮೇ ತಿಂಗಳಲ್ಲೂ ನಿಲ್ಲದೆ ಬರುತ್ತಿದ್ದದ್ದು ಅವರ ನೆಲದಿಂದ, ಅವರು ಕಾಪಾಡಿದ್ದರಿಂದ. ಅದನ್ನೇ ನಾನು ಅವರಿಗೆ ದೂರದಿಂದ ಪೈಪು ಹಿಡಿದು ದಾನ ಮಾಡುತ್ತಿದ್ದೆ. ಮಾಡಿ, ಪುಣ್ಯದ ಲೆಕ್ಕಕ್ಕೂ ಬರೆದುಕೊಳ್ಳುತ್ತಿದ್ದೆ.

ಯಜಮಾನರಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿದರು, ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು.

“ತೋಡುವಾಗ ಗುಡ್ಡ ಪೂರ ಅಜ್ಜನದ್ದೇ ಇತ್ತು. ಭೂಮಿ ಕಾನೂನು ಬಂದ ಮೇಲೆ ಮೇಲಿನದ್ದು ಒಕ್ಕಲಿದ್ದ ಅವರಿಗೆ ಹೋಯ್ತು. ನಾವು ಕದ್ದದ್ದಲ್ಲ.”

“ಕದ್ದದ್ದು ಅಂತ ನಾನೆಲ್ಲಿ ಹೇಳಿದೆ?”

“ನಿನ್ನ ಮುಖ ಹೇಳ್ತದೆ.” ಕನ್ನಡಕ ಮಡಚಿಟ್ಟು ಅಂದರು, “ಕಮಲನ ಮಗ ಬೋರ್ ಹೊಡೆಸ್ಲಿಕ್ಕೆ ಓಡಾಡ್ತಿದ್ದಾನೆ, ಗೊತ್ತುಂಟಲ್ಲ? ಈಗ ಮನೆ ಎದುರು ಜಾಗ ನೋಡಿದ್ದಾನೆ. ಈ ಗೆರೆ ಕಂಡ್ರೆ ಸೀದಾ ಗೇರುಮರದ ಅಡಿಗೇ ಹೊಡೆಸ್ತಾನೆ. ಅಲ್ಲಿಗೆ ನಮ್ಮ ಸುರಂಗ ಮುಗೀತು.”

“ಹಾಗಾದ್ರೆ ನಾನು ಎಂತ ಹೇಳ್ಬೇಕು?”

“ಚುಕ್ಕೆಯದ್ದು ಸಾಕು ಅಂತ ಹೇಳು. ಸುಳ್ಳು ಹೇಳುದು ಬೇಡ. ಬೇಗ ತೆರೀತದೆ, ಅಕ್ಷರ ಸರಿ ಕಾಣ್ತದೆ. ನಿಜವೇ ಅಲ್ವಾ?”

ನಿಜವೇ. ಅದರಿಂದಲೇ ನನಗೆ ಕಷ್ಟವಾದದ್ದು. ಸುಳ್ಳಾಗಿದ್ದರೆ ಬೇಡವೆನ್ನುವುದು ಸುಲಭವಿತ್ತು.

ಆ ಸಂಜೆ ಕಮಲಕ್ಕ ಎಂದಿನಂತೆ ಬಂದರು. ಪೈಪು ಕೊಡಪಾನದ ಬಾಯಿಗೆ ಸರಿಯಾಗಿ ಹಿಡಿಯದೆ ಅರ್ಧ ನೀರು ಹೊರಗೆ ಹೋಯಿತು. “ಎಂತ ಅಕ್ಕ, ಹುಷಾರಿಲ್ವಾ?” ಎಂದರು. ಹಪ್ಪಳ ಒತ್ತಿ ಕೈ ಸೋತಿದೆ ಎಂದೆ. “ನಾಳೆ ಉಂಡೆ ಮಾಡಿಡಿ, ನಾನು ಬಂದು ಒತ್ತಿ ಕೊಡ್ತೇನೆ. ನಿಮ್ಮ ಪುಣ್ಯದ ನೀರು ಕುಡೀತೇವೆ, ಅಷ್ಟಾದ್ರೂ ಬೇಡ್ವಾ” ಎಂದರು. ದೀಪದ ಮುಂದೆ ಕೂತಾಗ ಎಣಿಕೆ ಶುರು ಮಾಡಲಾಗಲಿಲ್ಲ. ಮೊದಲನೆಯದೇ ಬಾಯಿಗೆ ಬರಲಿಲ್ಲ.

ಮರುದಿನ ಅಂಗನವಾಡಿಯಲ್ಲಿ ಮೀಟಿಂಗು. ಮ್ಯಾಪಿನ ವಿಷಯ ಬಂದಾಗ ವಾರ್ಡ್ ಮೆಂಬರು ಮೊದಲು ಕಮಲಕ್ಕನನ್ನು ಕೇಳಿದರು.

“ನನಗೆ ಚುಕ್ಕೆಯದ್ದೇ ಸಾಕು” ಎಂದರು ಕಮಲಕ್ಕ. “ಎರಡನೇದು ತೆರೆದ್ರೆ ನನ್ನ ಫೋನು ಸುತ್ತುದೇ ಸುತ್ತುದು. ಒಂದು ಕಟ್ಟು ಬೀಡಿ ಸುತ್ತಿ ಮುಗೀತು, ಅದು ಸುತ್ತಿ ಮುಗೀಲಿಲ್ಲ.”

ಎಲ್ಲರೂ ನಕ್ಕರು. “ಹಾಗಾದ್ರೆ ಆಯ್ತಲ್ಲ. ನಿಮ್ಮದು ಎಂತ ಅಕ್ಕ?” ಎಂದು ಮೆಂಬರು ನನ್ನ ಕಡೆ ತಿರುಗಿದರು.

ಹೌದು ಎಂದರೆ ಮುಗಿಯುತ್ತಿತ್ತು. ನಾನು ಏನನ್ನೂ ಮುಚ್ಚಿಟ್ಟ ಹಾಗೂ ಆಗುತ್ತಿರಲಿಲ್ಲ, ಕಮಲಕ್ಕನೇ ಆರಿಸಿದ್ದು. ರೇಷ್ಮಾ ನನ್ನ ಮುಖ ನೋಡದೆ ಲ್ಯಾಪ್‌ಟಾಪಿನ ವಯರು ಬಿಡಿಸುತ್ತಿದ್ದಳು. ಮನಸ್ಸಿನಲ್ಲಿ ದೇವರನ್ನು ಕರೆದೆ, ಧೈರ್ಯಕ್ಕೋ ತಪ್ಪಿಸಿಕೊಳ್ಳಲಿಕ್ಕೋ ಈಗಲೂ ನನಗೆ ಗೊತ್ತಿಲ್ಲ.

“ಕಮಲಕ್ಕ ಎರಡನೇದನ್ನು ನೋಡ್ಲೇ ಇಲ್ಲ” ಎಂದೆ. “ನೋಡದೆ ಬೇಡ ಅಂದ್ರೆ ಹೇಗೆ? ರೇಷ್ಮಾ, ನಿನ್ನದರಲ್ಲಿ ತೋರಿಸು. ನಮ್ಮ ಗುಡ್ಡವನ್ನೇ ತೋರಿಸು.”

ಕಮಲಕ್ಕ ಬಗ್ಗಿದರು. “ಇದು ನಿಮ್ಮ ಮನೆ. ಇದು ನಮ್ಮದು. ಈ ನೀಲಿ ಎಂತ, ತೋಡಾ? ನಮ್ಮ ಜಾಗದಲ್ಲಿ ತೋಡೆಲ್ಲಿ ಉಂಟು?”

“ಅದು ಸುರಂಗ” ಎಂದಳು ರೇಷ್ಮಾ.

“ಯಾರದ್ದು?”

ರೇಷ್ಮಾ ನನ್ನ ಕಡೆ ನೋಡಿದಳು. “ನಮ್ಮದು” ಎಂದೆ ನಾನು.

ಕಮಲಕ್ಕನ ಬೆರಳು ಗೆರೆಯ ಮೇಲೆ ಮೆಲ್ಲನೆ ಹತ್ತಿತು. ದೀಪದ ಗುರುತಿನ ಹತ್ತಿರ ನಿಂತಿತು. ಅವರು ಬುದ್ಧಿವಂತರು, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

“ಓಹೋ. ಅಂದ್ರೆ ಇಷ್ಟು ವರ್ಷ ನಾನು ಎಣ್ಣೆ ಸುರಿದು ದೀಪ ಇಟ್ಟದ್ದು ನಿಮ್ಮ ಸುರಂಗದ ಮೂಗಿಗೆ.”

ಮೆಂಬರು ನಕ್ಕರು, ತಾವೊಬ್ಬರೇ ನಗುತ್ತಿರುವುದು ಗೊತ್ತಾಗಿ ನಿಲ್ಲಿಸಿದರು.

“ನಿಮ್ಮ ಪುಣ್ಯ ನಿಮ್ಮ ಪುಣ್ಯ ಅಂತ ಎಷ್ಟು ಸಲ ಹೇಳಿದ್ದೇನೆ ಅಕ್ಕ. ಅದನ್ನೆಲ್ಲ ಈಗ ಯಾರ ಹತ್ರ ವಾಪಸು ಕೇಳುದು?”

ನಗುತ್ತಲೇ ಹೇಳಿದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. “ನನಗೆ ಗೊತ್ತಿರ್ಲಿಲ್ಲ ಕಮಲಕ್ಕ” ಎಂದೆ.

“ಗೆರೆ ಗೊತ್ತಿರ್ಲಿಲ್ಲ, ಸರಿ” ಎಂದರು ಅವರು. ಈ ಸಲ ನಗು ಇರಲಿಲ್ಲ. “ಟಾಂಕಿ ಹತ್ರ ನಿಲ್ಲಿಸಿದ್ದು ಗೊತ್ತಿತ್ತಲ್ಲ.”



ಮೆಂಬರು ಕೆಮ್ಮಿ, “ಹಾಗಾದ್ರೆ ಯಾವುದು ಅಂತ ಬರೆಯುದು?” ಎಂದರು.

“ಗೆರೆಯದ್ದು ಬರೀರಿ. ಫೋನು ಸುತ್ತಿದ್ರೆ ಸುತ್ತಲಿ. ನನ್ನ ಜಾಗದ ಅಡಿಯಲ್ಲಿ ಎಂತ ಹೋಗ್ತದೆ ಅಂತ ನನಗೆ ಕಾಣ್ಬೇಕು.”

ನನ್ನದೂ ಅದೇ ಎಂದೆ. ಅಕ್ಷರಗಳನ್ನು ತಾನು ಸರಿಮಾಡುತ್ತೇನೆ, ಪದರ ಕಡಿಮೆ ಮಾಡಿದರೆ ಬೇಗ ತೆರೆಯುತ್ತದೆ ಎಂದು ರೇಷ್ಮಾ ಏನೇನೋ ವಿವರಿಸಿದಳು. ನನ್ನ ಕಿವಿಗೆ ಹೋಗಲಿಲ್ಲ.

ಆಮೇಲೆ ಎಷ್ಟೋ ಸಂಜೆ ಕಮಲಕ್ಕ ಬರಲಿಲ್ಲ. ಶಾಲೆಯ ಹತ್ತಿರದ ನಳ್ಳಿಯಿಂದ ನೀರು ಹೊತ್ತು ಗುಡ್ಡ ಹತ್ತುವುದನ್ನು ನಮ್ಮ ಅಂಗಳದಿಂದಲೇ ನೋಡಿದೆ. ನೀರು ತುಂಬಿ ಟಾಂಕಿಯ ಅಂಚಿನಿಂದ ಹೊರಗೆ ಹರಿಯುತ್ತಿತ್ತು, ನಾನು ಪೈಪಿನ ತುದಿ ಹಿಡಿದು ನಿಂತಿರುತ್ತಿದ್ದೆ. ಒಂದು ದಿನ ಅವರ ಮಗ ಗೇರುಮರಗಳ ನಡುವೆ ಇನ್ನೊಬ್ಬನನ್ನು ಕರೆದುಕೊಂಡು ಬಂದು ನೆಲ ತೋರಿಸುತ್ತಿದ್ದ. “ನೋಡು, ನೀನು ಮಾಡಿದ್ದು” ಎಂದರು ಯಜಮಾನರು. ಬೈದದ್ದಲ್ಲ, ಹೆದರಿಕೆಯಿಂದ ಹೇಳಿದ್ದು. ಸುರಂಗ ಒಣಗಿದರೆ ನಾವೂ ಶಾಲೆಯ ನಳ್ಳಿಗೆ ಸಾಲು ನಿಲ್ಲಬೇಕು.

ನೀರು ಉಳಿಸು ಎಂದು ದೇವರನ್ನು ಕೇಳೋಣವೆಂದರೆ, ಅದು ಅವರ ನೆಲದ್ದನ್ನು ನಮಗೇ ಇರಲಿ ಎಂದು ಕೇಳಿದ ಹಾಗೆ. ಬೇಡಲು ಬಾಯಿ ಬರಲಿಲ್ಲ. ಆ ದಿನಗಳಲ್ಲಿ ನನ್ನ ಎಣಿಕೆ ತೀರ ಸಣ್ಣದಾಯಿತು. ರೇಷ್ಮಾ ಮೊದಲೇ ಫೋನು ಮಾಡಿ ನನ್ನ ಕಣ್ಣಿಗೆ ಬೀಳಿಸಿದ್ದು ಒಂದು. ಕಮಲಕ್ಕ ಹಿಂದಿನಿಂದ ಆಡದೆ ಮುಖಕ್ಕೇ ಹೇಳಿದ್ದು ಇನ್ನೊಂದು. ಅಷ್ಟಕ್ಕೇ ಕೈ ಮುಗಿದು ಏಳುತ್ತಿದ್ದೆ.

ಒಂದು ಬೆಳಿಗ್ಗೆ ಒಗೆದ ಬಟ್ಟೆ ಹರವುತ್ತಿದ್ದಾಗ ಕಮಲಕ್ಕ ಇಳಿದು ಬಂದರು. ಎರಡು ಕೊಡಪಾನ. ನಾನು ಪೈಪಿಗೆ ಓಡಿದೆ. ಅವರು ಟಾಂಕಿಯ ಹತ್ತಿರ ನಿಲ್ಲಲಿಲ್ಲ. ನನ್ನ ಬದಿಯಿಂದಲೇ ದಾಟಿ, ಮನೆಯ ಹಿಂದೆ ಹೋಗಿ, ಸುರಂಗದ ಬಾಯಿಯಲ್ಲಿ ಚಪ್ಪಲಿ ಬಿಟ್ಟು ಬಗ್ಗಿದರು. ಜಗಲಿಯಲ್ಲಿ ಪೇಪರು ಓದುತ್ತಿದ್ದ ಯಜಮಾನರು ತಲೆ ಎತ್ತಿದರು, ಪುನಃ ಪೇಪರಿಗೆ ಮುಖ ಹಾಕಿದರು. ನಾನು ಹಿಂದೆಯೇ ಹೋಗಿ ನಿಂತೆ.

ಬೊಗಸೆಯಲ್ಲಿ ಕುಡಿದು, “ಇಲ್ಲಿ ಇಷ್ಟು ತಣ್ಣಗೆ ಉಂಟಾ” ಎಂದರು. “ಟಾಂಕಿಯದ್ದು ಯಾವಾಗ್ಲೂ ಬೆಚ್ಚಗೆ ಇರ್ತಿತ್ತು.”

ಒಂದು ಕೊಡಪಾನ ತುಂಬಿತು. ಅದನ್ನು ಎತ್ತಿ ಬದಿಗಿಡುತ್ತಾ ಕೇಳಿದೆ, “ಬೋರಿನದ್ದು ಎಂತ ಮಾಡಿದ್ರಿ?”

“ಮಗ ಹೊಡೆಸುವ ಅಂತಾನೆ. ಕಲ್ಲು ಎತ್ತಿಸ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ. ಅಡಿಯಲ್ಲಿ ನೀರು ಉಂಟು ಅಂತ ಗೊತ್ತಾದ ಮೇಲೆ ಮೊದಲಿಗಿಂತ ಹೆಚ್ಚು ಹೆದರಿಕೆ ಆಗ್ತದೆ. ಮಳೆ ಬರ್ಲಿ, ನೋಡುವ.” ಅವರು ಎರಡನೆಯದನ್ನು ನೀರಿಗೆ ಒಡ್ಡಿದರು. “ನಾಳೆಯೂ ಬರ್ತೇನೆ. ಇಲ್ಲಿಗೇ ಬರ್ತೇನೆ. ನೀವು ಬಂದು ನಿಲ್ಬೇಕೂಂತ ಇಲ್ಲ ಅಕ್ಕ, ನಿಮ್ಮ ಕೆಲಸ ನೋಡಿ.”

ಸರಿ ಎಂದೆ. ಒಳಗೆ ಬಂದು ಒಲೆಯ ಮೇಲೆ ಎಸರಿಟ್ಟೆ, ಮಧ್ಯಾಹ್ನದ ಅನ್ನಕ್ಕೆ ಅಕ್ಕಿ ತೊಳೆಯಲು ಕೂತೆ.